ಸತ್ತವನು ನೋಡದ ಫೋಟೋ

"ಇಳಿಯಮ್ಮ ಕೆಳೀಕೆ. ಸತ್ತೋನ್ ಮಕ ಏನಂತ ಮೂಸೀಯೆ?"

ಚಲುವರಾಜು ಹೀಗೆ ಗದರಿದಾಗ ನಾನು ಅವನ ನಡುಮನೆಯಲ್ಲಿ ಮರದ ಸ್ಟೂಲಿನ ಮೇಲೆ ನಿಂತಿದ್ದೆ. ನನ್ನ ಮೂಗಿಗೂ ಅವನ ತಮ್ಮನ ಫೋಟೋಗೂ ನಡುವೆ ಒಂದು ಭೂತಗನ್ನಡಿ ಮಾತ್ರ ಇತ್ತು. ಫೋಟೋ ಇಳಿಸಿ ಕೊಡಿ ಎಂದು ಮರ್ಯಾದೆಯಿಂದಲೇ ಕೇಳಿದ್ದೆ. ತಿಥಿಯ ದಿನ ಗೋಡೆ ಏರಿದ ಫೋಟೋ ವರ್ಷ ತುಂಬುವ ತನಕ ಇಳಿಯಬಾರದು, ಅದು ನಮ್ಮ ಮನೆಯ ಪದ್ಧತಿ ಎಂದ. ಫೋಟೋ ಇಳಿಯದಿದ್ದರೆ ನಾನು ಹತ್ತಬೇಕು ತಾನೆ? ಹತ್ತಿದ್ದೆ.

"ಒಂದು ನಿಮಿಷ, ಚಲುವರಾಜಣ್ಣ."

"ನಿನ್ ಒಂದ್ ನಿಮ್ಸದಲ್ಲಿ ಕಾಪಿ ಕಾಯ್ಸಿ ಕುಡುದು ಲೋಟ ತೊಳೀಬೋದಿತ್ತು."

ಕಾಯಿಸಿದ್ದರೆ ನನಗೂ ಒಂದು ಲೋಟ ಸಿಗುತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ಅವನ ಹೆಂಡತಿ ದೇವೀರಮ್ಮ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ನಾನು ತಿರುಗಿ ನೋಡಿದರೆ ಒಳಗೆ ಹೋಗುವಳು, ಆಮೇಲೆ ಮತ್ತೆ ಬಂದು ನಿಲ್ಲುವಳು. ಹೊರಗೆ ಭಾರತೀನಗರದ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ಹಾರ್ನ್ ಹೊಡೆಯುತ್ತಿದ್ದವು.

ಇದುವರೆಗಿನ ಕತೆ ಇಷ್ಟೆ: ಅಮಾವಾಸ್ಯೆ ಭಾನುವಾರ ಬ್ಲಫ್ ಎಂಬ ಊರಿನ ನಾಲೆಯಲ್ಲಿ, ಅಲ್ಲಿಯ ಪವರ್ ಸ್ಟೇಷನ್ನಿನ ನೌಕರ, ಚಲುವರಾಜುವಿನ ತಮ್ಮ ಸಂತೋಷ್ ಹೆಣವಾಗಿ ಸಿಕ್ಕಿದ, ತಿಥಿ ಮುಗಿದ ಮೇಲೆ ಅವನ ಕ್ವಾರ್ಟರ್ಸಿನ ಬೀರುವಿನಲ್ಲಿ, ಅವನ ಹೆಂಡತಿ ಸೌಮ್ಯ ಬೇರೊಬ್ಬ ಗಂಡಸಿನ ಪಕ್ಕ ನಿಂತು ನಗುವ ಫೋಟೋಗಳು ಸಿಕ್ಕವು, ಅವನ್ನು ನೋಡಿಯೇ ಗಂಡ ನೀರಿಗೆ ಬಿದ್ದ ಎಂದು ಊರು ತೀರ್ಪು ಕೊಟ್ಟಿತು.

ಊರಿಗೆ ತೀರ್ಪು ಕೊಡಲು ಕೋರ್ಟು ಬೇಡ, ಹರಟೆಕಟ್ಟೆ ಸಾಕು. ಮಳವಳ್ಳಿಯ ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಸೌಮ್ಯಳನ್ನು ಶಾಲೆಯವರು ಬರಬೇಡ ಎಂದರು. ಹೊಳಲಿನ ತವರುಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತ ಆ ಹುಡುಗಿ ನನಗೆ ಫೋನ್ ಮಾಡಿ ಕೇಳಿದ್ದು ಒಂದೇ ಮಾತು. "ಅವರು ಆ ಫೋಟೋ ನೋಡಿ ಸತ್ರಾ ಮೇಡಂ? ನನ್ನ ಕೆಟ್ಟವಳು ಅಂದ್ಕೊಂಡು ಸತ್ರಾ? ಅದೊಂದು ತಿಳಿಸಿ."

ಜಗಳವಾಡಿ ತವರಿಗೆ ಬಂದಿದ್ದಳು. ಬ್ಲಫಿನ ಕ್ವಾರ್ಟರ್ಸಿನಲ್ಲಿ ಇರಲಾರೆ, ಮಳವಳ್ಳಿಯಲ್ಲಿ ಮನೆ ಮಾಡೋಣ ಎಂಬ ಸಣ್ಣ ಜಗಳ. ನಾಲ್ಕು ದಿನ ಬಿಟ್ಟು ಅವನೇ ಕರೆಯಲು ಬರುತ್ತಾನೆ ಎಂದುಕೊಂಡಿದ್ದಳು. ಬಂದದ್ದು ಸಾವಿನ ಸುದ್ದಿ.

ನನ್ನ ಹೆಸರು ಗಗನ. ಮಂಡ್ಯದಲ್ಲಿ ಮದುವೆಗೆ ಮುಂಚೆ ಗಂಡು ಹೆಣ್ಣಿನ ಪೂರ್ವಾಪರ ವಿಚಾರಿಸಿ ಕೊಡುವುದು ನನ್ನ ಕಸುಬು. ಊರಿನ ಮದುವೆಗಳನ್ನೆಲ್ಲ ಜಾಲಾಡುವ ನನಗೆ ಮದುವೆಯಾಗಿಲ್ಲ. ಭೂತಗನ್ನಡಿ ಇಟ್ಟುಕೊಂಡಿರುವುದು ಗಂಡಿನ ಫೋಟೋದಲ್ಲಿ ಕೂದಲು ನಿಜವೋ ಕಂಪ್ಯೂಟರಿನದೋ ಎಂದು ನೋಡಲು. ಇವತ್ತು ಅದು ಬೇರೆ ಕೆಲಸಕ್ಕೆ ಬಂತು.

ಸಂತೋಷನ ಕೆನ್ನೆಯ ಮೇಲೆ ಒಂದು ಗೆರೆ ಇತ್ತು.

ಕೂದಲೆಳೆಯಷ್ಟು ಸಣ್ಣದು. ನಸುಹಸಿರು. ಒಂದು ಕಿವಿಯಿಂದ ಇನ್ನೊಂದು ಕಿವಿಗೆ ನೇರವಾಗಿ ಹೋಗಿತ್ತು. ಬೆರಳಗಲ ಕೆಳಗೆ, ಗಲ್ಲದ ಮೇಲೆ, ಇನ್ನೊಂದು. ಅದೇ ಅಂತರ ಬಿಟ್ಟು ಕುತ್ತಿಗೆಯಲ್ಲಿ ಮೂರನೆಯದು. ದೂರದಿಂದ ಯಾರಿಗೂ ಕಾಣುವುದಿಲ್ಲ. ಗಂಧದ ಹಾರ ಸರಿಸಿ ನೋಡಿದರೆ ಮಾತ್ರ ಕಾಣುತ್ತದೆ.

ಜೇಬಿನಿಂದ ಬೆಂಕಿಕಡ್ಡಿ ತೆಗೆದು, ಎರಡು ಗೆರೆಗಳ ನಡುವಿನ ಅಂತರಕ್ಕೆ ಸರಿಯಾಗಿ ಉಗುರಿನಲ್ಲಿ ಮುರಿದೆ.

"ಬೆಂಕಿಗಿಂಕಿ ಹಚ್ಚೀಯ ಮತ್ತೆ!" ಚಲುವರಾಜು ಮುಂದೆ ಬಂದ.

ಇಳಿದೆ. ಚೀಲದಿಂದ ಇನ್ನೊಂದು ಫೋಟೋ ತೆಗೆದೆ. ಬೀರುವಿನಲ್ಲಿ ಸಿಕ್ಕ ಫೋಟೋಗಳಲ್ಲಿ ಒಂದು. ಉಳಿದವು ಪೊಲೀಸರ ಹತ್ತಿರ ಇದ್ದವು; ಇದನ್ನು ಚಲುವರಾಜುವೇ ಎಲ್ಲರೆದುರು ಸೌಮ್ಯಳ ಮುಖಕ್ಕೆ ಎಸೆದಿದ್ದ, ಅವಳು ಎತ್ತಿಟ್ಟುಕೊಂಡಿದ್ದಳು. ಅಂಗೈಯಗಲದ ಫೋಟೋ. ಸೌಮ್ಯ, ಅವಳ ಪಕ್ಕದಲ್ಲಿ ಅದೇ ಶಾಲೆಯ ಮೇಷ್ಟ್ರು ಸಿದ್ದರಾಮು. ಶಾಲೆಯ ವಾರ್ಷಿಕೋತ್ಸವದಲ್ಲಿ ಹತ್ತು ಜನ ಟೀಚರುಗಳು ನಿಂತು ತೆಗೆಸಿಕೊಂಡದ್ದು; ಶಾಲೆಯವರು ಎಲ್ಲರಿಗೂ ಪೆನ್ ಡ್ರೈವಿನಲ್ಲಿ ಹಾಕಿ ಕೊಟ್ಟಿದ್ದರಂತೆ. ಎಂಟು ಜನರನ್ನು ಕತ್ತರಿಸಿ ಇಬ್ಬರನ್ನು ಉಳಿಸಿಕೊಂಡರೆ ಯಾವ ನಗುವಾದರೂ ಸಂಬಂಧವಾಗಿಬಿಡುತ್ತದೆ.

ಸೌಮ್ಯಳ ಹಣೆಯ ಮೇಲೆ ಅದೇ ನಸುಹಸಿರು ಗೆರೆ. ಸೀರೆಯ ಅಂಚಿನ ಹತ್ತಿರ ಇನ್ನೊಂದು.

ಮುರಿದ ಕಡ್ಡಿ ಎರಡರ ನಡುವೆ ಕರಾರುವಾಕ್ಕಾಗಿ ಕೂತಿತು.

ದೊಡ್ಡ ಫೋಟೋದಲ್ಲಿ ಇದ್ದ ಅಂತರವೇ ಚಿಕ್ಕದರಲ್ಲೂ ಇತ್ತು. ಗೆರೆ ಮೂಲ ಚಿತ್ರದ್ದಾಗಿದ್ದರೆ ಫೋಟೋ ಚಿಕ್ಕದಾದಂತೆ ಅಂತರವೂ ಚಿಕ್ಕದಾಗಬೇಕಿತ್ತು. ಅಂದರೆ ಗೆರೆ ಚಿತ್ರದ್ದಲ್ಲ, ಅದನ್ನು ಮುದ್ರಿಸಿದ ಯಂತ್ರದ್ದು. ಗೋಡೆಯ ಮೇಲಿನ ಗಂಡನೂ ನನ್ನ ಕೈಯಲ್ಲಿದ್ದ ಹೆಂಡತಿಯೂ ಒಂದೇ ಪ್ರಿಂಟರಿನ ಹೊಟ್ಟೆಯಿಂದ ಬಂದಿದ್ದರು.

"ಈ ತಿಥಿ ಫೋಟೋ ಮಾಡಿಸಿದ್ದು ಯಾರು?" ಎಂದೆ.

"ಇನ್ಯಾರು, ನಾನೇ. ಒಡುಟ್ದೋನ್ ನಾನ್ ಬದ್ಕಿರೂವಾಗ ಬ್ಯಾರೆಯೋರು ಮಾಡುಸ್ದಾರಾ?"

"ಎಲ್ಲಿ ಮಾಡಿಸಿದ್ರಿ?"

ಅವನು ತಡೆದ. ಕಣ್ಣು ಗೋಡೆಗೆ ಹೋಯಿತು. ಫ್ರೇಮಿನ ಕೆಳತುದಿಯಲ್ಲಿ ಅಂಟಿಸಿದ್ದ ಸ್ಟುಡಿಯೋದ ಚೀಟಿಯನ್ನು ನೋಡಿ, ಆಮೇಲೆ ನನ್ನನ್ನು ನೋಡಿದ.

"ಮದ್ದೂರಲ್ಲಿ. ಜಲಾಲ್ ಸ್ಟುಡಿಯೋ."

ಸುಳ್ಳು ಹೇಳುವವರು ಹೀಗೇ ತಡೆಯುವುದು ಎಂದು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ.

"ಸಂತೋಷ್ ಜಮೀನಲ್ಲಿ ಭಾಗ ಕೇಳಿದ್ನಂತೆ."

"ಕೇಳ್ದ. ಯಾಕ್ ಕೇಳ್ಬಾರ್ದು? ಅವುನ್ ಪಾಲು."

"ಕೊಡ್ತಿದ್ರಾ?"

"ಕೊಡ್ದೆ ತಲೆ ಮ್ಯಾಲ್ ಒತ್ಕೊಂಡ್ ಓಯ್ತಿದ್ನಾ?" ಅವನ ದನಿ ಏರಿತು. "ನೀನು ಯಾರ್ ಪರ ಬಂದಿದ್ದೀಯೆ ಅಂತ ನಂಗ್ ಗೊತ್ತು ಕಣಮ್ಮ. ಮಾನಗೆಟ್ಟೋಳ್ ಪರ. ಅವ್ಳು ಮಾಡುದ್ ಕೆಲ್ಸುಕ್ಕೆ ನನ್ ತಮ್ಮ ನೀರ್ ಪಾಲಾದ. ಈಗ ನನ್ ಮ್ಯಾಲ್ ಎತ್ತಾಕಕ್ ಬಂದಿದ್ದೀರಾ?"

"ಬೀರುವಿನ ಫೋಟೋಗಳು ಸಿಕ್ಕಿದ್ದು ನಿಮ್ಮ ಕೈಗೇ ಅಲ್ವಾ?"

"ಸಾಮಾನ್ ತರಕೆ ಓಗಿದ್ದೋ, ಸಿಕ್ತು. ನಾನೊಬ್ನೇ ಓಗಿದ್ನಾ? ಅವ್ಳ್ ಕಡೆಯೋರೂ ಬಂದಿದ್ರು. ಎಲ್ರೂ ಇದ್ರು."

"ಆಮೇಲೆ ಮುಖಕ್ಕೆ ಎಸೆದ್ರಿ."

ಅವನು ಸ್ಟೂಲನ್ನು ಎತ್ತಿ ಮೂಲೆಗೆ ಇಟ್ಟ. ಸರಿದಿದ್ದ ಗಂಧದ ಹಾರವನ್ನು ಎಟುಕಿ ಎಟುಕಿ ಮತ್ತೆ ಮೊದಲಿನಂತೆ ಇಳಿಬಿಟ್ಟ. ಆರಡಿಯ ಮನುಷ್ಯ, ಲಾರಿಯ ಸ್ಟೀರಿಂಗ್ ತಿರುಗಿಸಿ ದಪ್ಪಗಾದ ತೋಳು. ಹಾರ ಸರಿಮಾಡಿ, ಹೆಗಲ ಟವೆಲಿನಿಂದ ಕಣ್ಣೊರೆಸಿಕೊಂಡ.

"ನಂಗೂ ಇದ್ದೋನು ಅವ್ನೊಬ್ನೇ ಕಣಮ್ಮ," ಎಂದ. "ಒಂಟೋಗು."

ಹೊರಟೆ. ಅಳುವ ಗಂಡಸರನ್ನು ನಂಬಬಾರದು ಎಂದು ಈ ಕಸುಬು ಕಲಿಸಿದೆ. ನಂಬದೆ ಇದ್ದರೆ ಎಷ್ಟು ಒಂಟಿಯಾಗುತ್ತೇವೆ ಎಂಬುದನ್ನೂ ಕಲಿಸಿದೆ.

* * *

ರಸ್ತೆಬದಿಯ ಹೊಂಗೆಮರದ ಕೆಳಗೆ ಸ್ಕೂಟರ್ ನಿಲ್ಲಿಸಿ ಸೌಮ್ಯಳಿಗೆ ಫೋನ್ ಮಾಡಿದೆ. ಇಷ್ಟು ಬೇಗ ಮಾಡಬಾರದಿತ್ತು. ಆದರೆ ಒಳ್ಳೆಯ ಸುದ್ದಿ ಹೇಳಿಕೊಳ್ಳಲು ನನಗೂ ಯಾರಾದರೂ ಬೇಕಲ್ಲ.

"ಎರಡೂ ಫೋಟೋ ಒಂದೇ ಪ್ರಿಂಟರಿನಲ್ಲಿ ಬಂದಿವೆ ಸೌಮ್ಯ. ನಿಮ್ಮ ಭಾವನ ಮೇಲೆ ನನಗೆ ಅನುಮಾನ. ಮದ್ದೂರಿಗೆ ಹೋಗಿ ಸ್ಟುಡಿಯೋದವರನ್ನೇ ಕೇಳ್ತೀನಿ."



"ಮಾಡಿಸಿದ್ದು ಯಾರಾದ್ರೂ ಆಗಿರ್ಲಿ ಮೇಡಂ," ಎಂದಳು. "ಸಂತೋಷ್ ಅದನ್ನ ನೋಡಿದ್ರಾ?"

"ಅದು ಇನ್ನೂ ಗೊತ್ತಿಲ್ಲ."

"ಅದೊಂದೇ ನಂಗೆ ಬೇಕಾಗಿರೋದು. ನೋಡಿಲ್ಲ ಅಂದ್ರೆ ಹೆಂಗಾದ್ರೂ ಬದುಕ್ತೀನಿ."

ನೋಡಿದ್ದರೆ ಎಂಬುದನ್ನು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಅಷ್ಟರಲ್ಲಿ ಅವಳ ತಾಯಿ ಬೆಟ್ಟಮ್ಮ ಫೋನ್ ಇಸಿದುಕೊಂಡಳು.

"ಉಂಡ್ಯಾ ಮಗ?"

"ಇಲ್ಲವ್ವ, ಮದ್ದೂರಲ್ಲಿ ಏನಾದ್ರೂ ತಿನ್ತೀನಿ."

"ಏನಾರ ಅಂದ್ರೆ ಏನು? ವಡೆ ತಿಂದು ನೀರ್ ಕುಡ್ಯದಾ? ಬಿಸ್ಲು ಕಣವ್ವ, ತಲ್ಗೇನಾರ ಸುತ್ಕೊ. ಸಂದ್ಗೆ ಇಲ್ಲಿಗೇ ಬಂದ್ಬುಡು, ಉಪ್ಸಾರು ಮಾಡಿವ್ನಿ."

ನನ್ನ ಅಮ್ಮ ಹೋದ ಮೇಲೆ ಉಂಡ್ಯಾ ಎಂದು ನನ್ನನ್ನು ಕೇಳಿದ್ದು ಬೆಟ್ಟಮ್ಮ ಒಬ್ಬಳೇ. ಮೊದಲ ಸಲ ಹೊಳಲಿಗೆ ಹೋದಾಗ ವಿಚಾರಣೆ ಆಮೇಲೆ ಎಂದು ತಟ್ಟೆ ಮುಂದಿಟ್ಟು, ಮುದ್ದೆ ಮುರಿದು, ಎದುರು ಕೂತು ನಾನು ಉಣ್ಣುವುದನ್ನೇ ನೋಡಿದ್ದಳು. ಗಂಡ ಸತ್ತ ಮೇಲೆ ಒಬ್ಬಳೇ ಮಗಳನ್ನು ಕೂಲಿನಾಲಿ ಮಾಡಿ ಓದಿಸಿದ ಹೆಂಗಸು. ಮಗಳು ಮದುವೆಯಾಗಿ ಹೋದ ಮೇಲೆ ಒಂದು ವರ್ಷ ಮುದ್ದೆ ಎಸರಿಗೆ ಇಡಲೇ ಮನಸ್ಸು ಬರಲಿಲ್ಲ, ಅನ್ನದ ಗಂಜಿಯಲ್ಲೇ ದಿನ ನೂಕಿದೆ ಎಂದಿದ್ದಳು. ನನಗೆ ಆ ಮಾತು ಚೆನ್ನಾಗಿ ಅರ್ಥವಾಗಿತ್ತು. ಒಬ್ಬರಿಗಾಗಿ ಒಲೆ ಹಚ್ಚುವ ಬೇಸರ ನನ್ನ ರೂಮಿನ ಗ್ಯಾಸ್ ಸ್ಟವ್‌ಗೂ ಗೊತ್ತು.

"ಬರ್ತೀನವ್ವ," ಎಂದೆ. ಸಂಜೆಗೆ ಹೋಗಲು ಒಂದು ಮನೆಯಿದೆ ಎಂಬುದು ಮದ್ದೂರಿನ ತನಕ ನನ್ನ ಜೊತೆ ಬಂತು.

* * *

ಜಲಾಲ್ ಸ್ಟುಡಿಯೋ ಪೇಟೆಬೀದಿಯ ಒಂದು ಬೇಕರಿಗೂ ಒಂದು ಟೈಲರ್ ಅಂಗಡಿಗೂ ನಡುವೆ ಸಿಕ್ಕಿಕೊಂಡಿತ್ತು. ಒಳಗೆ ಯಾರೂ ಗಿರಾಕಿಗಳಿರಲಿಲ್ಲ. ಬಿಳಿಗಡ್ಡದ ಜಲಾಲ್ ಸಾಹೇಬರು ಮುಚ್ಚಳ ತೆರೆದ ಪ್ರಿಂಟರಿನ ಮುಂದೆ ಕನ್ನಡಕ ಹಣೆಗೇರಿಸಿ ಕೂತಿದ್ದರು. ಅವರ ಒಂದು ಬೆರಳು ಗುಲಾಬಿ, ಒಂದು ನೀಲಿ.

"ಪಾಸ್‌ಪೋರ್ಟ್ ಸೈಜಾ?" ತಲೆಯೆತ್ತದೆ ಕೇಳಿದರು.

"ಅಲ್ಲ ಸಾಹೇಬ್ರೆ. ಇದನ್ನ ನೋಡಿ." ಸೌಮ್ಯಳ ಫೋಟೋವನ್ನು ಮೇಜಿನ ಮೇಲಿಟ್ಟೆ. "ಇದು ನಿಮ್ಮಲ್ಲಿ ಹೊಡೆದದ್ದಾ?"

ಕನ್ನಡಕ ಇಳಿಯಿತು. ಫೋಟೋವನ್ನು ಬೆಳಕಿಗೆ ಓರೆಯಾಗಿ ಹಿಡಿದರು. ಮುಖ ಹುಳ್ಳಗಾಯಿತು.

"ಅಯ್ಯೋ, ಇದನ್ನ ವಾಪಸ್ ತಂದ್ರಾ? ಆವತ್ತೇ ನಿಮ್ಮ ಕಡೆಯೋರಿಗೆ ಹೇಳ್ದೆನಲ್ಲಮ್ಮ, ಗೆರೆ ಬಂದದೆ, ನಾಳೆ ಬನ್ನಿ, ಸರಿಮಾಡಿ ಕೊಡ್ತೀನಿ ಅಂತ. ಕೇಳ್ಬೇಕಲ್ಲ!"

ಕುರ್ಚಿ ಎಳೆದುಕೊಂಡು ಕೂತೆ.

"ಗೆರೆ ಯಾಕೆ ಬಂತು?"

ಅದೇನು ಕೇಳಿದೆನೋ, ಮುದುಕರಿಗೆ ಕಟ್ಟೆಯೊಡೆಯಿತು. ಎಷ್ಟು ದಿನದಿಂದ ಯಾರೂ ಅವರನ್ನು ಏನೂ ಕೇಳಿರಲಿಲ್ಲವೋ.

"ನಾಝಲ್ ಕಟ್ಕೊಂಡಿತ್ತು ನೋಡಿ. ಇದರ ತಲೇಲಿ ಸೂಜಿಮೊನೆಗಿಂತ ಸಣ್ಣ ತೂತು ನೂರಾರು ಇರ್ತವೆ. ಅದರಿಂದ್ಲೇ ಇಂಕು ಚಿಮ್ಮೋದು. ದಿನಾ ಹೊಡೀತಾ ಇದ್ರೆ ಸರಿ. ನಾಕು ದಿನ ಸುಮ್ನೆ ಬಿಟ್ರೆ ಇಂಕು ಒಣಗಿ ತೂತು ಮುಚ್ಕೊಳ್ತದೆ. ತಿಳಿ ಗುಲಾಬಿ ತೂತು ಎರಡು ಮುಚ್ಚಿತ್ತು. ಮನುಷ್ಯನ ಚರ್ಮಕ್ಕೆ ಅದೇ ಬಣ್ಣ ಬೇಕಲ್ಲ. ಅದು ಬೀಳದ ಕಡೆ ಹಸಿರು ಗೆರೆ. ತಲೆ ಒಂದೊಂದು ಸಲ ಓಡಿದಾಗಲೂ ಅದೇ ಜಾಗದಲ್ಲಿ ಖಾಲಿ, ಅದಕ್ಕೆ ಬೆರಳಗಲಕ್ಕೊಂದು ಗೆರೆ. ಮೂರು ಸಲ ಹೆಡ್ ಕ್ಲೀನಿಂಗ್ ಕೊಟ್ಟೆ, ಇಂಕು ಕುಡೀತು ಅಷ್ಟೆ. ಕೊನೆಗೆ ಟಿಶ್ಯೂ ಪೇಪರ್ ಮಡಚಿ, ಕ್ಲೀನಿಂಗ್ ನೀರಲ್ಲಿ ನೆನೆಸಿ, ತಲೆ ಕೆಳಗೆ ಹಾಸಿ ರಾತ್ರಿಯೆಲ್ಲ ಬಿಟ್ಟೆ. ಆಮೇಲೆ ಬಾಯಿ ಬಿಡ್ತು ಮಹರಾಯ್ತಿ."

"ಯಾವಾಗ ಕಟ್ಕೊಂಡಿದ್ದು?"

"ನಾನು ಮೈಸೂರಿಂದ ಬಂದ ಮೇಲೆ."

"ಅದೇ ಯಾವಾಗ?"

"ನೀವು ಪೊಲೀಸಾ?"

"ಅಲ್ಲ. ಒಂದು ಹುಡುಗಿ ಗಂಡನ್ನ ಕಳ್ಕೊಂಡಿದಾಳೆ. ಅವಳಿಗೆ ಒಂದು ಉತ್ತರ ಬೇಕು."

ಅವರು ಎದ್ದು ಒಳಕೋಣೆಗೆ ಕರೆದರು. ಕಿಟಕಿಯಿಲ್ಲದ ಸಣ್ಣ ಕೋಣೆ. ಕಪಾಟಿನ ಮೇಲಿದ್ದ ಬಿಸ್ಕೆಟ್ಟಿನ ರಟ್ಟಿನ ಡಬ್ಬವೊಂದನ್ನು ಎರಡೂ ಕೈಯಲ್ಲಿ ಇಳಿಸಿ ನನ್ನ ಮಡಿಲಲ್ಲಿ ಇಟ್ಟರು.

ಡಬ್ಬದ ತುಂಬ ಫೋಟೋಗಳು. ಎಲ್ಲ ಅಂಗೈಯಗಲದವು. ಎಲ್ಲವೂ ಒಂದೇ ಫೋಟೋ.

ನಡುವಯಸ್ಸಿನ ಹೆಂಗಸು, ತಲೆಯ ಮೇಲೆ ಬಣ್ಣಬಣ್ಣದ ದುಪಟ್ಟಾ, ಕ್ಯಾಮೆರಾ ಹಿಡಿದವನನ್ನು ಬೈಯಲು ಹೊರಟು ನಕ್ಕಂತಿದ್ದಳು.

"ಸರ್ವರ್ ಬೇಗಂ. ನಮ್ಮ ಮನೆಯವರು," ಎಂದರು ಜಲಾಲ್ ಸಾಹೇಬರು. "ಕೊರೋನಾದಲ್ಲಿ ಹೋದ್ಲು. ನಾಝಲ್ ಒಣಗಬಾರ್ದು ಅಂತ ದಿನಾ ಬೆಳಿಗ್ಗೆ ಬಣ್ಣಪಟ್ಟಿ ಹೊಡೀಬೇಕು. ಆ ಪಟ್ಟಿ ಬದಲು ಇವಳನ್ನ ಹೊಡೀತೀನಿ. ಇವಳ ದುಪಟ್ಟಾದಲ್ಲಿ ಎಲ್ಲ ಬಣ್ಣವೂ ಅದೆ. ಯಾವ ತೂತು ಮುಚ್ಚಿದ್ರೂ ಇವಳ ಮೇಲೆ ಗೊತ್ತಾಗ್ತದೆ."

"ಎಲ್ಲವನ್ನೂ ಇಟ್ಕೊಂಡಿದೀರಾ?"

"ಹೆಂಡ್ತಿ ಮುಖಾನ ಕಸದ ಬುಟ್ಟಿಗೆ ಹೆಂಗಮ್ಮ ಹಾಕ್ಲಿ?"

ದಿನಾ ಬೆಳಿಗ್ಗೆ ಶಟರ್ ಎತ್ತಿ, ಕಸ ಗುಡಿಸಿ, ಹೆಂಡತಿಯನ್ನು ಒಮ್ಮೆ ಕಾಗದದ ಮೇಲೆ ಕರೆದು, ಆರಲು ಬಿಟ್ಟು, ಡಬ್ಬದಲ್ಲಿ ಮಲಗಿಸುವ ಮುದುಕ. ಇಷ್ಟಾದರೂ ಇವರಿಗೆ ಇದೆ ಎಂದು ಹೊಟ್ಟೆಕಿಚ್ಚೂ ಆಯಿತು. ನಾನು ಬೆಳಿಗ್ಗೆ ಎದ್ದು ಯಾರ ಮುಖ ನೋಡುತ್ತೇನೆ?

ಹೊಸದು ಮೇಲೆ, ಹಳೆಯದು ಕೆಳಗೆ. ಒಂದೊಂದಾಗಿ ತೆಗೆದೆ. ಮೇಲಿನವು ಸ್ವಚ್ಛವಾಗಿದ್ದವು. ಆಮೇಲೆ ಸರ್ವರ್ ಬೇಗಂ ಕೆನ್ನೆಯ ಮೇಲೆ ನಸುಹಸಿರು ಗೆರೆ ಬಂತು. ಕಡ್ಡಿ ಇಟ್ಟೆ. ಕೂತಿತು. ಅದರ ಕೆಳಗಿನದರಲ್ಲೂ ಗೆರೆ. ಇನ್ನೂ ನಾಲ್ಕಾರರಲ್ಲಿ ಗೆರೆ. ಅವುಗಳ ಕೆಳಗಿನದು ಸ್ವಚ್ಛ. ಇನ್ನೂ ಕೆಳಗೆ ಅಗೆದೆ. ಎಲ್ಲೋ ತಿಂಗಳುಗಳ ಹಿಂದೆ ಒಮ್ಮೆ ದುಪಟ್ಟಾದ ನೀಲಿ ಹರಿದಿತ್ತು, ಆದರೆ ಆ ಗೆರೆಯ ಜಾಗ ಬೇರೆ, ಬಣ್ಣ ಬೇರೆ.

"ಇದು," ಗೆರೆ ಶುರುವಾಗುವ ಮುಂಚಿನ ಸ್ವಚ್ಛ ಫೋಟೋ ಎತ್ತಿ ಹಿಡಿದೆ, "ಇದು ಯಾವತ್ತಿನದು?"

"ಮೈಸೂರಿಗೆ ಹೊರಟ ದಿನದ್ದು. ಶನಿವಾರ. ನನ್ನ ಮಗಳು ಆಲಿಯಾಗೆ ಹೆರಿಗೆನೋವು ಅಂತ ಫೋನ್ ಬಂತು. ಇದನ್ನ ಹೊಡೆದು, ಶಟರ್ ಎಳೆದು ಬಸ್ ಹತ್ತಿದೆ. ಮಾರನೇ ದಿನ ಮೊಮ್ಮಗ ಹುಟ್ದ. ಭಾನುವಾರ. ಅಮಾವಾಸ್ಯೆ ಬೇರೆ, ಆಸ್ಪತ್ರೇಲಿ ಪಕ್ಕದ ಬೆಡ್ಡಿನೋರು ಅಯ್ಯೋ ಇವತ್ತಾ ಅಂದ್ರು. ನಾನಂದೆ, ಮಕ್ಳಿಗೆ ಯಾವ ಅಮಾವಾಸ್ಯೆ?"

"ವಾಪಸ್ ಬಂದದ್ದು?"

"ಗುರುವಾರ. ಬಂದು ಇವಳನ್ನ ಹೊಡೆದ್ರೆ ಮುಖದ ತುಂಬ ಗೆರೆ. ಮೊಮ್ಮಗನ್ನ ನೋಡ್ಲಿಲ್ಲ ಅಂತ ಸಿಟ್ಟು ಮಾಡ್ಕೊಂಡಿದಾಳೆ ಅಂದ್ಕೊಂಡೆ."

ಅವರು ನಕ್ಕರು. ನಾನು ಆ ಎರಡು ಫೋಟೋಗಳನ್ನು ಪಕ್ಕಪಕ್ಕ ಹಿಡಿದು ದಿನ ಲೆಕ್ಕ ಹಾಕಿದೆ.

ಸಂತೋಷ್ ಸತ್ತದ್ದು ಅಮಾವಾಸ್ಯೆ ಭಾನುವಾರ. ಅವತ್ತು ಈ ಅಂಗಡಿಗೆ ಬೀಗ ಬಿದ್ದಿತ್ತು. ಅದರ ಹಿಂದಿನ ದಿನ ಈ ಪ್ರಿಂಟರಿನಲ್ಲಿ ಗೆರೆಯಿರಲಿಲ್ಲ. ಗೆರೆ ಹುಟ್ಟಿದ್ದು ಗುರುವಾರ. ಸೌಮ್ಯಳ ಫೋಟೋದ ಮೇಲೆ ಗೆರೆಯಿದೆ. ಅಂದರೆ ಆ ಫೋಟೋ ಕಾಗದಕ್ಕೆ ಬರುವ ಹೊತ್ತಿಗೆ ಸಂತೋಷ್ ಮಣ್ಣಾಗಿದ್ದ.

ಅವನು ನೋಡಿರಲಿಲ್ಲ. ಯಾರೋ ಅವನು ಸತ್ತ ಮೇಲೆ ಫೋಟೋ ಮಾಡಿಸಿ ಅವನ ಬೀರುವಿನಲ್ಲಿಟ್ಟಿದ್ದರು.

ಕಣ್ಣಲ್ಲಿ ನೀರು ಬಂತು. ಪರರ ಗಂಡನಿಗಾಗಿ ಮದ್ದೂರಿನ ಸ್ಟುಡಿಯೋದಲ್ಲಿ ಅಳುತ್ತಾ ಕೂರುವ ಪತ್ತೇದಾರಿಣಿಯನ್ನು ನೀವು ನೋಡಿದ್ದೀರಾ? ಜಲಾಲ್ ಸಾಹೇಬರು ಏನೂ ಕೇಳದೆ ನೀರಿನ ಲೋಟ ತಂದಿಟ್ಟರು.

ಮೊಬೈಲಿನಲ್ಲಿ ಚಲುವರಾಜುವಿನ ಚಿತ್ರ ತೆಗೆದು ಅವರಿಗೆ ತೋರಿಸಿದೆ. "ತಿಥಿ ಫೋಟೋನೂ ಇದನ್ನೂ ಮಾಡಿಸಿದ್ದು ಇವರೇ ತಾನೆ?"

ಅವರು ಹತ್ತಿರ, ದೂರ ಹಿಡಿದು ನೋಡಿದರು.

"ಇವರನ್ನ ನಾನು ನೋಡೇ ಇಲ್ಲ."

"ಸರಿಯಾಗಿ ನೋಡಿ."

"ಇಲ್ಲಮ್ಮ. ಬಂದಿದ್ದು ಹೆಂಗಸು. ಶುಕ್ರವಾರ. ನಾನು ಜುಮ್ಮಾ ನಮಾಜಿಗೆ ಶಟರ್ ಎಳೀತಾ ಇದ್ದೆ, ಬಂದು ಅಡ್ಡ ನಿಂತ್ಲು. ಗೆರೆ ಬರ್ತದೆ ಅಂದ್ರೂ ಕೇಳ್ಲಿಲ್ಲ. 'ನಂಗೆ ಇನ್ನೊಂದ್ ಸಲ ಬರಕಾಗಲ್ಲ, ತಿಥಿ ಸಾಮಾನ್ಗೆ ಅಂತ ಬಂದಿವ್ನಿ, ಎಲ್ಲ ಇವತ್ತೇ ಆಗ್ಬುಡ್ಬೇಕು' ಅಂದ್ಲು. ಸೆರಗಿನ ಗಂಟಿಂದ ಪೆನ್ ಡ್ರೈವ್ ಬಿಚ್ಚಿ ಕೊಟ್ಲು. ಒಂದು ದೊಡ್ಡ ಫೋಟೋ, ಫ್ರೇಮು. ಈ ಸಣ್ಣವು ಒಂದಷ್ಟು, ಇದ್ದ ಜನರಲ್ಲಿ ಇವರಿಬ್ರನ್ನ ಮಾತ್ರ ಉಳಿಸು ಅಂದ್ಲು. ಗಂಡ ಹೆಂಡ್ತಿ ಇರ್ಬೇಕು ಅಂದ್ಕೊಂಡು ಹೊಡೆದೆ."

ಚಲುವರಾಜು ಗೋಡೆಯ ಚೀಟಿ ನೋಡಿ ಸ್ಟುಡಿಯೋದ ಹೆಸರು ಹೇಳಿದ್ದು ಈಗ ನೆನಪಾಯಿತು. ಅವನಿಗೆ ಗೊತ್ತಿರಲಿಲ್ಲ, ಓದಿ ಹೇಳಿದ್ದ. ತಮ್ಮನ ತಿಥಿ ಫೋಟೋವನ್ನು ಬೇರೆಯವರು ಮಾಡಿಸಿ ತಂದರು ಎಂದು ಒಪ್ಪಿಕೊಂಡರೆ ಒಡಹುಟ್ಟಿದವನಿಗೆ ಅವಮಾನ. ಆ ಮರ್ಯಾದೆಗಾಗಿ ಕೊಲೆಯ ಅನುಮಾನವನ್ನೇ ಹೊತ್ತುಕೊಂಡು ನಿಂತಿದ್ದ, ದಡ್ಡ. ನನ್ನನ್ನೂ ದಡ್ಡಿ ಮಾಡಿದ್ದ.

"ಹೇಗಿದ್ಲು ಆ ಹೆಂಗಸು?"

"ತಲೆ ತುಂಬ ಸೆರಗು. ವಯಸ್ಸಾದವಳು, ನಿಮ್ಮ ತಾಯಿ ವಯಸ್ಸು ಇಟ್ಕೊಳಿ. ಮುಖ ಇನ್ನೊಮ್ಮೆ ನೋಡಿದ್ರೆ ಹೇಳೇನು. ಫೋಟೋ ಆರೋ ತನಕ ಇಲ್ಲೇ ಕೂತಿದ್ಲು, ನೀವು ಕೂತಿದೀರಲ್ಲ, ಅಲ್ಲೇ. ಈ ಡಬ್ಬ ನೋಡಿ ಯಾರು ಅಂತ ಕೇಳಿದ್ಲು. ಹೇಳ್ದೆ. ಅತ್ತುಬಿಟ್ಲು. 'ನಿಂಗಾರ ದಿನಾ ಬತ್ತಾಳೆ' ಅಂದ್ಲು." ಅವರು ಗಡ್ಡ ಸವರಿಕೊಂಡರು. "ಆಲಿಯಾಗೂ ಈ ಡಬ್ಬದ ವಿಷಯ ಹೇಳಿಲ್ಲ ನಾನು. ಅಪ್ಪನಿಗೆ ತಲೆ ಕೆಟ್ಟಿದೆ ಅಂದ್ಕೊಳ್ತಾಳೆ. ಹೇಳಿದ್ದು ಆ ಹೆಂಗಸಿಗೆ, ಈಗ ನಿಮಗೆ. ಅಷ್ಟೆ."

ಅಡುಗೆಮನೆ ಬಾಗಿಲಿನ ದೇವೀರಮ್ಮ ಕಣ್ಣ ಮುಂದೆ ಬಂದಳು. ಸೆರಗು ಬಾಯಿಗೆ ಹಿಡಿದು ನಿಂತ ದೇವೀರಮ್ಮ. ವಯಸ್ಸು ಅಷ್ಟಾಗದಿದ್ದರೂ ಸೆರಗಿನೊಳಗೆ ಯಾರಿಗೆ ಗೊತ್ತಾದೀತು? ಗಂಡನಿಗೆ ತಿಳಿಯದಂತೆ ಮೈದುನನ ಪಾಲು ಉಳಿಸಿಕೊಳ್ಳಲು ಹೊರಟಳೇ?

ಅದು ನಾಳೆಯ ಕೆಲಸ. ಇವತ್ತು ಒಬ್ಬಳಿಗೆ ಉತ್ತರ ಕೊಡಬೇಕಿತ್ತು. ಡಬ್ಬವನ್ನು ಮಡಿಲಲ್ಲೇ ಇಟ್ಟುಕೊಂಡು ಸೌಮ್ಯಳಿಗೆ ಫೋನ್ ಮಾಡಿದೆ.

"ಸೌಮ್ಯ, ಕೇಳಿ. ಸಂತೋಷ್ ಆ ಫೋಟೋ ನೋಡಿಲ್ಲ."

ಆ ಕಡೆ ಫೋನ್ ಕೈಜಾರಿ ಬಿದ್ದ ಸದ್ದು.

"ಕೇಳಿಸ್ತಾ? ಅವು ಹುಟ್ಟಿದ್ದೇ ಅವರು ಹೋದ ಮೇಲೆ. ನನ್ನ ಹತ್ರ ಸಾಕ್ಷಿ ಇದೆ. ಅವರು ನಿಮ್ಮನ್ನ ಕೆಟ್ಟವಳು ಅಂದ್ಕೊಂಡು ಸಾಯಲಿಲ್ಲ."

ಒಂದು ಬಿಕ್ಕು ಬಂತು. ಆಮೇಲೆ ತಡೆಯಿಲ್ಲದ ಅಳು. ಇಷ್ಟು ದಿನ ನನ್ನೆದುರು ಅವಳು ಅತ್ತೇ ಇರಲಿಲ್ಲ. ಜಲಾಲ್ ಸಾಹೇಬರು ಗೋಡೆಯ ಕಡೆ ತಿರುಗಿ ನಿಂತರು.

"ಮಾಡಿಸಿದ್ದು ನಿಮ್ಮ ಭಾವ ಅಲ್ಲ," ಎಂದೆ. "ಒಬ್ಬ ಹೆಂಗಸು. ಸ್ಟುಡಿಯೋದವರು ಗುರುತು ಹಿಡೀತಾರೆ. ನಾಳೆ ಪತ್ತೆ ಮಾಡ್ತೀನಿ."

"ಅವ್ವಾ," ಸೌಮ್ಯ ಅಳುವಿನ ನಡುವೆ ಕೂಗಿದಳು, "ಸಂತೋಷ್ ನೋಡಿಲ್ವಂತೆ ಕಣವ್ವ! ಮಾಡ್ಸಿದ್ದು ಯಾರೋ ಹೆಂಗಸಂತೆ! ಮೇಡಂ, ಅವ್ವ ನನ್ ತಲೆ ಬಾಚ್ತಾವಳೆ, ಇಲ್ಲೇ ಅವಳೆ. ಕೊಡ್ತೀನಿ."

ಫೋನ್ ಕೈ ಬದಲಾಯಿಸಿದ ಸದ್ದು. ಬಳೆಗಳ ಸದ್ದು.

"ಉಂಡ್ಯಾ ಮಗ?"

"ಇಲ್ಲವ್ವ. ಅಲ್ಲಿಗೇ ಬರ್ತೀನಿ," ಎಂದೆ. "ನಿಮ್ಮ ಮಗಳು ಬದುಕಿದ್ಲು ಬಿಡವ್ವ."

"ಊ ಕಣವ್ವ. ಇನ್ನೆಲ್ಲಿಗೂ ಓಗಲ್ಲ ಅವ್ಳು. ನನ್ತಾವೇ ಇರ್ತಾಳೆ." ಬೆಟ್ಟಮ್ಮನ ದನಿ ಎಂದಿನಂತೆ ಮೆತ್ತಗಿತ್ತು. "ಆ ಸಾಬ್ರು ಒಳ್ಳೇವ್ರು. ಪಾಪ, ಎಂಡ್ತಿ ಪಟ ದಿನಾ ಒಂದ್ ತಗ್ದು ಡಬ್ಬುಕ್ಕಾಕ್ತಾರೆ. ಇವತ್ತಿಂದು ತಗುದ್ರಾ?"

ನನ್ನ ಮಡಿಲಲ್ಲಿ ಡಬ್ಬ ತೆರೆದೇ ಇತ್ತು. ಮೇಲುಗಡೆ ಇವತ್ತಿನ ಸರ್ವರ್ ಬೇಗಂ, ಒಂದು ಗೆರೆಯೂ ಇಲ್ಲದೆ ನಗುತ್ತಿದ್ದಳು. ಡಬ್ಬದ ಮಾತನ್ನು ನಾನು ಫೋನಿನಲ್ಲಿ ಎತ್ತಿರಲೇ ಇಲ್ಲ.

"ಯಾಕ್ ಮಗ ಮಾತೇ ಆಡಲ್ಲ? ಬಾ, ಎಸರಿಟ್ಟಿವ್ನಿ. ಮೂರ್ ಜನುಕ್ಕೂ ಒಂದೇ ಸಲ ಬಡುಸ್ತೀನಿ."

ಅವಳ ಹಿಂದಿನಿಂದ ಸೌಮ್ಯಳ ದನಿ ಕೇಳಿತು, ಇನ್ನೂ ಅಳು ಮುಗಿಯದ ದನಿ:

"ಅವ್ವಾ, ಜಡೆ ಬಿಗಿಯಾಯ್ತು ಕಣೆ... ನೋಯ್ತದೆ, ಬುಡು."